ಕಾಂಟೆಸ್ಸಾ ಹಿಂದಿನ ಇಂಡಿಕೇಟರ್ ಒಂದಾದ ಮೇಲೊಂದು ಹತ್ತುವ ಹಾಗೆ ಮಾಡಬೇಕು, ಹೇಗೆ?

ಕೈಮರ ಕಾಂಟೆಸ್ಸಾ | ಏಪ್ರಿಲ್ 20

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರು ಹತ್ತಿರದ ಕೈಮರದಿಂದ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಅಪ್ಪನ ಕಾಂಟೆಸ್ಸಾ ಕ್ಲಾಸಿಕ್ ಕಾರು ಇದೆ. 1.8 ಇಸುಜು ಪೆಟ್ರೋಲ್ ಇಂಜಿನ್, ಐದು ಗೇರು. ಅಪ್ಪ ಹೋದ ಮೇಲೆ ಆರು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಹೋದ ವರ್ಷ ಇಂಜಿನ್ನು, ಬ್ರೇಕು, ರೇಡಿಯೇಟರ್ ಎಲ್ಲ ಮಾಡಿಸಿ ರಸ್ತೆಗೆ ಇಳಿಸಿದೆ. ಈಗ ಹಿಂದಿನ ಲೈಟಿಗೆ ಕೈ ಹಾಕಬೇಕು ಅಂತಿದ್ದೇನೆ.

ಇಂಡಿಕೇಟರ್ ಹಾಕಿದರೆ ಇಡೀ ಲೈಟು ಒಂದೇ ಸಲ ಮಿನುಗುವ ಬದಲು, ಒಳಗಿನಿಂದ ಹೊರಗಡೆಗೆ ಒಂದಾದ ಮೇಲೊಂದು ಹತ್ತಿಕೊಂಡು ಹೋಗಬೇಕು. ಅಂಗಡಿಯವರು ಇದಕ್ಕೆ ರನ್ನಿಂಗ್ ಇಂಡಿಕೇಟರ್ ಅನ್ನುತ್ತಾರೆ. ಇದೇನೂ ಈಗಿನ ಆಡಿ ಕಾರುಗಳ ಜೊತೆ ಬಂದದ್ದಲ್ಲ. ಅಮೆರಿಕದ ಫೋರ್ಡ್‌ನವರು 1965ರ ಥಂಡರ್‌ಬರ್ಡ್‌ನಲ್ಲೇ ಕೊಟ್ಟಿದ್ದರು, ಒಂದೊಂದು ಕಡೆಗೆ ಮೂರು ಮೂರು ಬಲ್ಬು. 1964ರಲ್ಲೇ ಬರಬೇಕಿತ್ತು, ಅಲ್ಲಿನ ರಾಜ್ಯಗಳ ಲೈಟಿನ ಕಾನೂನು ಅಡ್ಡ ಬಂದು ಒಂದು ವರ್ಷ ತಡವಾಯಿತು. 1967ರ ಮರ್ಕ್ಯುರಿ ಕೂಗರ್‌ನಲ್ಲಿ ಡಿಕ್ಕಿಯೊಳಗೆ ಒಂದು ಪುಟ್ಟ ಮೋಟಾರ್ ಇರುತ್ತಿತ್ತು. ಅದು ತಿರುಗಿದ ಹಾಗೆ ಕ್ಯಾಮ್ ಅನ್ನುವ ಉಬ್ಬು ಚಕ್ರಗಳು ಒಂದೊಂದೇ ಸ್ವಿಚ್ಚನ್ನು ಒತ್ತುತ್ತಿದ್ದವು. ಇಂಡಿಕೇಟರ್ ಹಾಕಿದರೆ ಹಿಂದಿನಿಂದ ಮೋಟಾರ್ ಸದ್ದು ಕೇಳಿಸುತ್ತಿತ್ತು ಅಂದರೆ ನೋಡಿ. 1969ರಿಂದ ಅದರ ಜಾಗಕ್ಕೆ ಟ್ರಾನ್ಸಿಸ್ಟರ್ ಬಂತು.

ನನಗೆ ಇದರ ಮೇಲೆ ಆಸೆ ಹುಟ್ಟಲು ಬೇರೆ ಕಾರಣವೂ ಇದೆ. ಅಪ್ಪ ಗಿರಿಯ ರಸ್ತೆಯಲ್ಲಿ ತಿರುಗುವಾಗ ಇಂಡಿಕೇಟರ್ ಹಾಕಿದ್ದರೂ ಬಲಗೈಯನ್ನು ಹೊರಗೆ ಚಾಚುತ್ತಿದ್ದರು. "ಮಿನುಗುವುದು ಕಂಡರೆ ಸಾಲದು ಕಣೋ, ಯಾವ ಕಡೆಗೆ ಅಂತ ಹಿಂದಿನವನಿಗೆ ಗೊತ್ತಾಗಬೇಕು" ಅನ್ನುತ್ತಿದ್ದರು. ಮಂಜಿನಲ್ಲಿ ಹಿಂದಿನವರಿಗೆ ಗಾಡಿಯ ಒಂದೇ ಮೂಲೆ ಕಂಡರೂ, ಬೆಳಕು ಯಾವ ಕಡೆಗೆ ಓಡುತ್ತಿದೆ ಅಂತ ತಿಳಿಯುತ್ತದೆ ಅಲ್ವಾ?

ಲೆನ್ಸ್ ಕತ್ತರಿಸಬಾರದು. ಹಳೆಯ ವೈರ್ ಒಂದನ್ನೂ ತುಂಡು ಮಾಡಬಾರದು. ಬೇಡ ಅನ್ನಿಸಿದ ದಿನ ಅರ್ಧ ಗಂಟೆಯಲ್ಲಿ ಹಳೆಯ ಬಲ್ಬು ಮತ್ತೆ ಹಾಕುವ ಹಾಗಿರಬೇಕು. ಇಷ್ಟು ಇಟ್ಟುಕೊಂಡು ಮಾಡಿದವರು ಯಾರಾದರೂ ಇದ್ದೀರಾ?

ಬಿ.ಎಂ. ರಸ್ತೆ ವೈರಿಂಗ್ | ಏಪ್ರಿಲ್ 20

ಹಾಸನದಲ್ಲಿ ಮೂವತ್ತು ವರ್ಷದಿಂದ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುತ್ತಿದ್ದೇನೆ. ಆಸೆ ಒಳ್ಳೆಯದೇ. ಆದರೆ ಬೋರ್ಡು, ಎಲ್‌ಇಡಿ ತರುವ ಮುಂಚೆ ಅರ್ಥ್ ನೋಡಿಕೊಳ್ಳಿ, ಅಂದರೆ ಬಲ್ಬಿನಿಂದ ಕರೆಂಟು ಬಾಡಿಯ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಆರು ವರ್ಷ ಮಲೆನಾಡಿನ ಶೆಡ್ಡಿನಲ್ಲಿ ನಿಂತ ಗಾಡಿ. ಹೋಲ್ಡರ್ ಒಳಗೆ ಹಸಿರು ಕಟ್ಟಿರುತ್ತದೆ, ಬಾಡಿಗೆ ಕೂತ ಸ್ಕ್ರೂ ತುಕ್ಕು ಹಿಡಿದಿರುತ್ತದೆ.

ಒಂದು ಸುಲಭದ ಪರೀಕ್ಷೆ ಹೇಳುತ್ತೇನೆ. ಕತ್ತಲಾದ ಮೇಲೆ ಪಾರ್ಕಿಂಗ್ ಲೈಟ್ ಹಾಕಿ, ಯಾರನ್ನಾದರೂ ಹಿಂದೆ ನಿಲ್ಲಿಸಿ ಬ್ರೇಕ್ ತುಳಿಯಿರಿ. ಬ್ರೇಕ್ ತುಳಿದಾಗ ಇಂಡಿಕೇಟರ್ ಬಲ್ಬು ಮಂಕಾಗಿ ಹತ್ತಿದರೆ, ಇಲ್ಲವೇ ಪಾರ್ಕಿಂಗ್ ಲೈಟ್ ಸಪ್ಪಗಾದರೆ ಅರ್ಥ್ ಕೆಟ್ಟಿದೆ. ಕರೆಂಟು ಬಾಡಿಗೆ ಇಳಿಯಲು ದಾರಿ ಸಿಗದೆ ಪಕ್ಕದ ಬಲ್ಬಿನ ಮೂಲಕ ಸುತ್ತಿಕೊಂಡು ಹೋಗುತ್ತಿದೆ ಅಂತ ಅರ್ಥ. ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಲೈಟ್ ಹತ್ತಿರುವಾಗಲೇ ಒಂದು ಕಡ್ಡಿ ಹೋಲ್ಡರಿನ ತಗಡಿಗೆ, ಇನ್ನೊಂದು ಬ್ಯಾಟರಿ ಮೈನಸ್‌ಗೆ ಇಡಿ. 0.2 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಎಮರಿ ಪೇಪರಿನಲ್ಲಿ ತಗಡು ಬೆಳ್ಳಗಾಗುವವರೆಗೆ ಉಜ್ಜಿ, ಹೊಸ ರಿಂಗ್ ಟರ್ಮಿನಲ್ ಹಾಕಿ, ಮೇಲೆ ವ್ಯಾಸಲೀನ್ ಬಳಿಯಿರಿ.

ಮೂಡಿಗೆರೆ ಫಿಯಟ್ | ಏಪ್ರಿಲ್ 21

ನನ್ನ ಮಾತು ಸ್ವಲ್ಪ ಕಹಿ ಅನ್ನಿಸಬಹುದು, ಆದರೂ ಹೇಳುತ್ತೇನೆ. ಕಾಂಟೆಸ್ಸಾ ತಯಾರಿಕೆ ನಿಂತಿದ್ದು 2002ರಲ್ಲಿ. ಲೆನ್ಸು, ಹೋಲ್ಡರು ಈಗ ಹುಡುಕಿದರೂ ಸುಲಭಕ್ಕೆ ಸಿಗುವುದಿಲ್ಲ. ಸುಮ್ನೆ ಇದ್ದ ಹಾಗೇ ಇರಲು ಬಿಡಬಹುದಲ್ಲ? ನಮ್ಮ ಮನೆಯಲ್ಲಿ 1969ರ ಫಿಯಟ್ 1100 ಇದೆ. ಅದರ ಹಿಂದಿನ ಲೈಟಿನ ಕೆಂಪು ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ಅದನ್ನೂ ಬದಲಾಯಿಸದೆ ಇಟ್ಟುಕೊಂಡಿದ್ದೇನೆ.

ಕೈಮರ ಕಾಂಟೆಸ್ಸಾ | ಏಪ್ರಿಲ್ 21

ಅಕ್ಕ, ನೀವು ಹೇಳುವುದು ನನಗೂ ಹೌದು ಅನ್ನಿಸುತ್ತದೆ. ಅದಕ್ಕೇ ಲೆನ್ಸು, ವೈರು ಮುಟ್ಟಬಾರದು ಅಂತ ಮೊದಲೇ ಬರೆದೆ. ಕೆಲಸ ಏನಿದ್ದರೂ ಲೆನ್ಸಿನ ಹಿಂದೆ, ಬಲ್ಬಿನ ಜಾಗದಲ್ಲಿ ಮಾತ್ರ. ಹಳೆಯ ಬಲ್ಬುಗಳನ್ನು ಡಬ್ಬಿಯಲ್ಲಿ ಹಾಕಿ ಡಿಕ್ಕಿಯಲ್ಲೇ ಇಡುತ್ತೇನೆ.

ಕೆಎ 13 ಹಾಸನ | ಏಪ್ರಿಲ್ 22

ಕಾನೂನಿನ ಮಾತೂ ಬರಲಿ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಗಾಡಿಯ ಮಾರ್ಪಾಡಿಗೆ ಸಂಬಂಧಿಸಿದ್ದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕಂಪನಿ ಕೊಟ್ಟ ಮೂಲ ರೂಪವನ್ನು ಬದಲಾಯಿಸುವಂತಿಲ್ಲ ಅಂತ ಹೇಳಿದೆ. ಇಂಡಿಕೇಟರಿಗೆ ನಿಯಮ ಬೇರೆಯೇ ಇದೆ: ಬಣ್ಣ ಅಂಬರ್ ಇರಬೇಕು, ನಿಮಿಷಕ್ಕೆ 60ಕ್ಕಿಂತ ಕಮ್ಮಿ ಇಲ್ಲ, 120ಕ್ಕಿಂತ ಜಾಸ್ತಿ ಇಲ್ಲದ ಹಾಗೆ ಮಿನುಗಬೇಕು. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿ ನವೀಕರಣಕ್ಕೆ ಹೋದಾಗ ಇನ್‌ಸ್ಪೆಕ್ಟರ್ ಲೈಟು ನೋಡಿಯೇ ನೋಡುತ್ತಾರೆ. ಕೆಲಸ ಶುರು ಮಾಡುವ ಮುಂಚೆ ಆರ್‌ಟಿಓ ಕಚೇರಿಯಲ್ಲಿ ಕೇಳಿ, ಆಗುತ್ತದೆ ಅಂದರೆ ಬರಹದಲ್ಲಿ ತೆಗೆದುಕೊಳ್ಳಿ.

ಫಿಯಟ್ ಮೇಡಂ, ನಿಮ್ಮ ಗಾಡಿ ಐವತ್ತು ವರ್ಷ ದಾಟಿದೆ. 2021ರಲ್ಲಿ ಬಂದ ವಿಂಟೇಜ್ ನಿಯಮದಲ್ಲಿ ನೋಂದಾಯಿಸಬಹುದು, ನಂಬರಿನಲ್ಲಿ ವಿಎ ಅಂತ ಬರುತ್ತದೆ. ಅದಕ್ಕೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಆ ಬಿರುಕು ಗಾಜನ್ನು ನೀವು ಉಳಿಸಿಕೊಂಡದ್ದೇ ಸರಿ.

ಶಿರಾಡಿ ಸವಾರ | ಏಪ್ರಿಲ್ 22

ಸಕಲೇಶಪುರದಿಂದ ಕೆಳಗೆ ವಾರಕ್ಕೆ ಎರಡು ಸಲ ಇಳಿಯುತ್ತೇನೆ. ಅಂದ ಚೆಂದ ಏನೇ ಇರಲಿ, ಹಿಂದೆ ಬರುವ ಲಾರಿಯವನಿಗೆ ಕಾಣಬೇಕು.

ಹೋದ ಜುಲೈನಲ್ಲಿ ನನ್ನ ಮುಂದೆ ಒಂದು ಕಾರು ಹೋಗುತ್ತಿತ್ತು. ಎಲ್ಲೋ ಆಮೇಲೆ ಹಾಕಿಸಿದ ಎಲ್‌ಇಡಿ ಇಂಡಿಕೇಟರ್. ನೇರ ಹಿಂದಿದ್ದಾಗ ಕಣ್ಣಿಗೆ ಚುಚ್ಚುವಷ್ಟು ಬೆಳಕು. ತಿರುವಿನಲ್ಲಿ ಅವನು ಓರೆಯಾದ ಕೂಡಲೇ ಬೆಳಕೇ ಇಲ್ಲ! ಎಡಕ್ಕೆ ಹಾಕಿದ್ದಾನೋ, ಆರಿಸಿದ್ದಾನೋ ಒಂದೂ ಗೊತ್ತಾಗಲಿಲ್ಲ. ಮಳೆ, ಮಂಜು, ಹಿಂದೆ ಟ್ಯಾಂಕರ್. ಬ್ರೇಕ್ ಮೇಲೆ ಕಾಲಿಟ್ಟು ಕಾದೆ. ಹಳೆಯ ಬಲ್ಬಿನ ಬೆಳಕು ಸುತ್ತಲೂ ಹರಡುತ್ತದೆ. ಎಲ್‌ಇಡಿ ಅದು ಮುಖ ಮಾಡಿದ ಕಡೆಗೆ ಮಾತ್ರ ಹೋಗುತ್ತದೆ. ಘಾಟಿಯಲ್ಲಿ ಹಿಂದಿನವನು ಯಾವಾಗಲೂ ಓರೆಯಲ್ಲೇ ಇರುತ್ತಾನೆ ಅನ್ನುವುದು ನೆನಪಿರಲಿ.

ಕೈಮರ ಕಾಂಟೆಸ್ಸಾ | ಮೇ 5

ಎರಡು ವಾರದ ಕೆಲಸ ಹೇಳುತ್ತೇನೆ. ಅರ್ಥ್ ವಿಷಯ ಅಣ್ಣ ಹೇಳಿದ್ದು ಅಕ್ಷರಶಃ ನಿಜ. ಎಡಗಡೆ ಹೋಲ್ಡರಿನಲ್ಲಿ 1.4 ವೋಲ್ಟ್ ಬಂತು. ಉಜ್ಜಿ ಹೊಸ ಟರ್ಮಿನಲ್ ಹಾಕಿದ ಮೇಲೆ 0.05ಕ್ಕೆ ಇಳಿಯಿತು. ಬರೀ ಅಷ್ಟಕ್ಕೇ ಹಳೆಯ ಬಲ್ಬು ಹೊಸದರ ಹಾಗೆ ಉರಿಯಿತು.

ಆಮೇಲೆ ಹಾಸನದಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗ ಆರ್ಡುಯಿನೋ ನ್ಯಾನೋ ಅನ್ನುವ, ಪ್ರೋಗ್ರಾಂ ಬರೆದು ಓಡಿಸುವ ಪುಟ್ಟ ಬೋರ್ಡಿನಲ್ಲಿ ಸರ್ಕ್ಯೂಟ್ ಮಾಡಿಕೊಟ್ಟ. ಮೇಜಿನ ಮೇಲೆ ಎಷ್ಟು ಚೆನ್ನಾಗಿ ಓಡಿತು ಅಂದರೆ, ಅಮ್ಮ ಎರಡು ಸಲ ಬಂದು ನೋಡಿಕೊಂಡು ಹೋದರು. ಗಾಡಿಗೆ ಹಾಕಿದೆವು. ರಾತ್ರಿ ಎಂಟಕ್ಕೆ ಅಮ್ಮ ಹಿಂದೆ ನಿಂತರು, ನಾನು ಇಂಡಿಕೇಟರ್ ಹಾಕಿದೆ. ಒಳಗೆ ಟಿಕ್ ಟಿಕ್ ಅನ್ನುತ್ತಿದೆ, ಮುಂದಿನ ಬಲ್ಬು ಗೋಡೆಯ ಮೇಲೆ ಮಿನುಗುತ್ತಿದೆ. "ಹಿಂದೆ ಏನೂ ಇಲ್ಲ ಕಣೋ" ಅಂದರು ಅಮ್ಮ. ಬೋರ್ಡಿಗೆ ಇಂಡಿಕೇಟರ್ ವೈರಿನಿಂದಲೇ ಕರೆಂಟು ಕೊಟ್ಟಿದ್ದೇವೆ. ಎಲ್ಲಿ ತಪ್ಪಿದೆ?

ಅರಸೀಕೆರೆ ಸರ್ಕ್ಯೂಟ್ | ಮೇ 5

ತಪ್ಪು ಅಲ್ಲೇ ಇದೆ. ಲೆಕ್ಕ ಹಾಕೋಣ. ಇಂಡಿಕೇಟರ್ ನಿಮಿಷಕ್ಕೆ 90 ಸಲ ಮಿನುಗಿದರೆ ಒಂದು ಸುತ್ತಿಗೆ 667 ಮಿಲಿಸೆಕೆಂಡ್. ಅದರಲ್ಲಿ ಅರ್ಧ ಹೊತ್ತು, ಅಂದರೆ ಸುಮಾರು 333 ಮಿಲಿಸೆಕೆಂಡ್ ಮಾತ್ರ ಆ ವೈರಿನಲ್ಲಿ ಕರೆಂಟು. ಆರ್ಡುಯಿನೋ ಸಾಮಾನ್ಯವಾಗಿ ಕರೆಂಟು ಬಂದ ಕೂಡಲೇ ನಿಮ್ಮ ಪ್ರೋಗ್ರಾಂ ಓಡಿಸುವುದಿಲ್ಲ. ಹೊಸ ಪ್ರೋಗ್ರಾಂ ಏನಾದರೂ ಬರುತ್ತದಾ ಅಂತ ಮೊದಲು ಕಾಯುತ್ತದೆ. ಆ ಕಾಯುವಿಕೆ 333 ಮಿಲಿಸೆಕೆಂಡಿಗಿಂತ ಜಾಸ್ತಿ. ಅದು ಕಣ್ಣು ಬಿಡುವ ಮುಂಚೆಯೇ ಫ್ಲ್ಯಾಶರ್ (ಇಂಡಿಕೇಟರನ್ನು ಮಿನುಗಿಸುವ ಡಬ್ಬಿ) ಕರೆಂಟು ಕಿತ್ತುಕೊಳ್ಳುತ್ತದೆ. ಹೀಗೇ ಪ್ರತಿ ಸಲ. ಮೇಜಿನ ಮೇಲೆ ಯುಎಸ್‌ಬಿಯಿಂದ ಸದಾ ಕರೆಂಟು ಇತ್ತು, ಹಾಗಾಗಿ ಓಡಿತು.

ಇಗ್ನಿಷನ್‌ನಿಂದ ಬೇರೆ ವೈರ್ ಎಳೆದು ಬೋರ್ಡನ್ನು ಸದಾ ಎಚ್ಚರ ಇಡಬಹುದು. ಆದರೆ ನನ್ನ ಕೇಳಿದರೆ ಈ ಕೆಲಸಕ್ಕೆ ಪ್ರೋಗ್ರಾಂ ಬೇಕಾಗಿಯೇ ಇಲ್ಲ. ಒಂದು ರೆಸಿಸ್ಟರ್ (ಕರೆಂಟಿಗೆ ತಡೆ), ಒಂದು ಕೆಪಾಸಿಟರ್ (ನಿಧಾನಕ್ಕೆ ಚಾರ್ಜ್ ತುಂಬಿಕೊಳ್ಳುವುದು), ಒಂದು ಮಾಸ್‌ಫೆಟ್ (ವೋಲ್ಟೇಜ್ ಸಿಕ್ಕಾಗ ತೆರೆಯುವ ಸ್ವಿಚ್ಚು) ಸಾಕು.

ಎಲ್‌ಇಡಿಯನ್ನು ಮೂರು ಭಾಗ ಮಾಡಿ. ಒಳಗಿನ ಮೊದಲ ಭಾಗವನ್ನು ಇಂಡಿಕೇಟರ್ ವೈರಿಗೂ ಅರ್ಥ್‌ಗೂ ನೇರ ಕೊಟ್ಟುಬಿಡಿ. ಅದರ ಸರಣಿ ರೆಸಿಸ್ಟರ್ ಬಿಟ್ಟರೆ ನಡುವೆ ಏನೂ ಬೇಡ. ಎರಡನೆಯದು, ಮೂರನೆಯದು ಒಂದೊಂದು ಮಾಸ್‌ಫೆಟ್ ಮೂಲಕ ಅರ್ಥ್‌ಗೆ ಇಳಿಯಲಿ. ಐಆರ್‌ಎಲ್‌ಝಡ್44ಎನ್ ಆಗುತ್ತದೆ, ಅದು ಸುಮಾರು 2 ವೋಲ್ಟಿಗೇ ಬಾಗಿಲು ತೆಗೆಯುತ್ತದೆ. ಎರಡನೆಯದರ ಗೇಟಿಗೆ, ಅಂದರೆ ಅದನ್ನು ತೆರೆಯಿಸುವ ಕಾಲಿಗೆ, 39ಕೆ (39 ಸಾವಿರ ಓಮ್) ರೆಸಿಸ್ಟರ್, 10 ಮೈಕ್ರೋಫ್ಯಾರಡ್ ಕೆಪಾಸಿಟರ್. ಇದು ಸುಮಾರು 70 ಮಿಲಿಸೆಕೆಂಡ್ ತಡ ಕೊಡುತ್ತದೆ. ಮೂರನೆಯದಕ್ಕೆ 33ಕೆ, 22 ಮೈಕ್ರೋಫ್ಯಾರಡ್. ಅದು ಸುಮಾರು 130. ಗೇಟಿಗೆ 12 ವೋಲ್ಟಿನ ಝೀನರ್ (ವೋಲ್ಟೇಜ್ ಅದಕ್ಕಿಂತ ಏರದ ಹಾಗೆ ತಡೆಯುವ ಡಯೋಡ್) ಹಾಕುವುದನ್ನು ಮರೆಯಬೇಡಿ. ಗಾಡಿ ಓಡುವಾಗ 14 ವೋಲ್ಟ್ ದಾಟುತ್ತದೆ, ನಡುನಡುವೆ ವೋಲ್ಟೇಜ್ ಏರಿ ಏಟೂ ಬೀಳುತ್ತದೆ. ಈ ಮಾಸ್‌ಫೆಟ್‌ನ ಗೇಟು ತಡೆಯುವುದು 16 ವೋಲ್ಟ್ ಅಷ್ಟೇ. ಕೆಪಾಸಿಟರ್ ಬೇಗ ಖಾಲಿಯಾಗಲು ರೆಸಿಸ್ಟರಿನ ಮೇಲೆ ಒಂದು ಡಯೋಡ್ (ಒಂದೇ ಕಡೆಗೆ ಕರೆಂಟು ಬಿಡುವುದು), ಗೇಟಿನಿಂದ ವೈರಿನ ಕಡೆಗೆ.

ಯುರೋಪಿನ ನಿಯಮದಲ್ಲಿ ಇಂಥ ಇಂಡಿಕೇಟರ್ ಒಳಗಿನಿಂದ ಹೊರಗೇ ಓಡಬೇಕು, 200 ಮಿಲಿಸೆಕೆಂಡಿನೊಳಗೆ ಪೂರ್ತಿ ಹತ್ತಬೇಕು, ಒಮ್ಮೆ ಹತ್ತಿದ ಭಾಗ ಕೊನೆಯವರೆಗೂ ಆರಬಾರದು. 130ಕ್ಕೆ ಮುಗಿದರೆ ಉಳಿದ 200 ಮಿಲಿಸೆಕೆಂಡ್ ಇಡೀ ಲೈಟು ಹತ್ತಿರುತ್ತದೆ. ಸವಾರ ಅವರು ಕೇಳಿದ್ದು ಇದೇ ಅಲ್ವಾ? ನಿಧಾನ ಮಾಡಿದರೆ ನೋಡಲು ಇನ್ನೂ ಚೆಂದ, ಆದರೆ ಪೂರ್ತಿ ಹತ್ತಿರುವ ಹೊತ್ತು ಕಮ್ಮಿಯಾಗುತ್ತದೆ.

ಮೊದಲ ಭಾಗ ನೇರ ಯಾಕೆ ಅಂದರೆ, ನಾಳೆ ಮಾಸ್‌ಫೆಟ್ ಸುಟ್ಟರೂ ಬೋರ್ಡಿನಲ್ಲಿ ನೀರು ಹೋದರೂ ಅದು ಮಿನುಗುತ್ತಲೇ ಇರುತ್ತದೆ. ಮಕ್ಕಳಿಗೆ ಪಾಠ ಹೇಳುವಾಗಲೂ ಇದನ್ನೇ ಹೇಳುತ್ತೇನೆ. ಜೀವ ಕಾಯುವ ದೀಪಕ್ಕೆ ಮಧ್ಯೆ ಆದಷ್ಟು ಕಮ್ಮಿ ಸಾಮಾನು ಇರಲಿ.

ಬೇಲೂರು ಅಂಬಿ | ಮೇ 6

ಸಾರ್, ನಮ್ಮದು ಅರವತ್ತರ ದಶಕದ ಅಂಬಾಸಿಡರ್. ಇದೇ ಸರ್ಕ್ಯೂಟ್ ಹಾಕಬಹುದಾ?

ಬಿ.ಎಂ. ರಸ್ತೆ ವೈರಿಂಗ್ | ಮೇ 6

ತಮ್ಮಾ, ಮೊದಲು ಬಾನೆಟ್ ಎತ್ತಿ ನೋಡು. ಬ್ಯಾಟರಿಯ ಯಾವ ತಂತಿ ಬಾಡಿಗೆ ಬೋಲ್ಟ್ ಆಗಿದೆ? ಅಂಬಾಸಿಡರ್ ಮೂಲ ಮಾರಿಸ್ ಆಕ್ಸ್‌ಫರ್ಡ್. ಆ ಕಾಲದ ಇಂಗ್ಲಿಷ್ ಗಾಡಿಗಳಲ್ಲಿ ಪ್ಲಸ್ಸೇ ಬಾಡಿಗೆ ಇರುತ್ತಿತ್ತು. ಬಲ್ಬಿಗೆ ಎರಡೂ ಒಂದೇ, ಉರಿಯುತ್ತದೆ. ಎಲ್‌ಇಡಿ ಹತ್ತುವುದಿಲ್ಲ, ಈ ಸರ್ಕ್ಯೂಟ್ ಹಾಕಿದರೆ ಸುಟ್ಟೇ ಹೋಗುತ್ತದೆ. ಇನ್ನೊಂದು, ಅಂಬಿಯ ಲೈಟು ಕಿರಿದು. ಅಷ್ಟು ಜಾಗದಲ್ಲಿ ಬೆಳಕು ಓಡಿದರೂ ನಾಲ್ಕು ಮಾರು ದೂರಕ್ಕೆ ಗೊತ್ತಾಗುವುದಿಲ್ಲ. ಒಳ್ಳೆಯ 21 ವ್ಯಾಟ್ ಬಲ್ಬು ಹಾಕಿ, ಒಳಗಿನ ರಿಫ್ಲೆಕ್ಟರಿಗೆ ಬೆಳ್ಳಿ ಬಣ್ಣ ಹೊಡೆಸು ಸಾಕು.

ಕೈಮರ ಕಾಂಟೆಸ್ಸಾ | ಮೇ 19

ಸಾಮಾನೆಲ್ಲ ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ತರಿಸಿದೆ. ಒಳಗಿನ ತಟ್ಟೆಗೆ ಸರಿಯಾಗಿ ಕೂರುವ ಹಾಗೆ ಮೊದಲು ಮದುವೆ ಕಾಗದದ ರಟ್ಟು ಕತ್ತರಿಸಿ ಅಳತೆ ಮಾಡಿಕೊಂಡೆ. ಐದು ಸಲ ಕತ್ತರಿಸಿದ ಮೇಲೆ ಕೂತಿತು. ಅದನ್ನೇ ಇಟ್ಟುಕೊಂಡು ಬೋರ್ಡು ಕೊರೆದೆ. ಒಂದೊಂದು ಭಾಗಕ್ಕೆ ಎಂಟು ಅಂಬರ್ ಎಲ್‌ಇಡಿ, ನಾಲ್ಕು ಕಾಲಿನ ಪಿರಾನಾ ಅನ್ನುತ್ತಾರಲ್ಲ ಅದು, ಅಗಲಕ್ಕೆ ಬೆಳಕು ಚೆಲ್ಲುವಂಥದ್ದು. ನಾಲ್ಕು ನಾಲ್ಕರ ಸರಣಿ, ಒಂದೊಂದಕ್ಕೆ 100 ಓಮ್, ಅರ್ಧ ವ್ಯಾಟ್. ಬಿಳಿ ಎಲ್‌ಇಡಿಯೂ ಇಟ್ಟು ನೋಡಿದೆ. ಅಂಬರ್ ಲೆನ್ಸಿನ ಹಿಂದೆ ಬಿಳಿ ಹಾಕಿದರೆ ತೆಳು ನಿಂಬೆ ಬಣ್ಣ ಬರುತ್ತದೆ, ಚೆನ್ನಾಗಿಲ್ಲ. ಬೋರ್ಡನ್ನು ಹಳೆಯ ಬಲ್ಬಿನ ತಳಕ್ಕೇ ಬೆಸೆದಿದ್ದೇನೆ. ಬಲ್ಬಿನ ಹಾಗೇ ಒತ್ತಿ ತಿರುಗಿಸಿದರೆ ಹೋಲ್ಡರಿನಲ್ಲಿ ಕೂರುತ್ತದೆ. ಒಂದು ವೈರೂ ಕತ್ತರಿಸಿಲ್ಲ.

ಎರಡು ತೊಂದರೆ ಇದೆ. ಮೇಜಿನ ಮೇಲೆ ಮೊದಲ ಸಲ ಸರಿಯಾಗಿ ಓಡುತ್ತದೆ, ಎರಡನೇ ಸಲದಿಂದ ಮೂರೂ ಭಾಗ ಒಟ್ಟಿಗೆ ಹತ್ತುತ್ತವೆ. ಗಾಡಿಗೆ ಹಾಕಿದರೆ ಮಾತ್ರ ಪ್ರತಿ ಸಲವೂ ಸರಿಯಾಗಿ ಓಡುತ್ತದೆ. ಯಾಕೆ ಅಂತ ಅರ್ಥ ಆಗಲಿಲ್ಲ. ಇನ್ನೊಂದು, ಗಾಡಿಯಲ್ಲಿ ಫ್ಲ್ಯಾಶರ್ ತಾಳ ತಪ್ಪುತ್ತಿದೆ. ಒಮ್ಮೊಮ್ಮೆ ಹತ್ತಿ ಹಾಗೇ ನಿಂತುಬಿಡುತ್ತದೆ.

ಅರಸೀಕೆರೆ ಸರ್ಕ್ಯೂಟ್ | ಮೇ 19

ಮೊದಲನೆಯದು ನನ್ನ ತಪ್ಪು, ಒಂದು ರೆಸಿಸ್ಟರ್ ಹೇಳಲು ಬಿಟ್ಟುಹೋಗಿದೆ. ಫ್ಲ್ಯಾಶರ್ ಕರೆಂಟು ನಿಲ್ಲಿಸಿದಾಗ ಕೆಪಾಸಿಟರ್ ಖಾಲಿಯಾಗಬೇಕು. ನಾಲ್ಕು ಎಲ್‌ಇಡಿಯ ಸರಣಿ ಸುಮಾರು 7 ವೋಲ್ಟಿಗೆ ಬಂದ ಕೂಡಲೇ ಬಾಗಿಲು ಹಾಕಿಕೊಳ್ಳುತ್ತದೆ. ಉಳಿದ ಚಾರ್ಜ್ ಹೋಗಲು ದಾರಿ ಇಲ್ಲ. ಮಾಸ್‌ಫೆಟ್ ತೆರೆದೇ ಇರುತ್ತದೆ, ಮುಂದಿನ ಸಲ ಮೂರೂ ಒಟ್ಟಿಗೆ ಹತ್ತುತ್ತವೆ. ಗಾಡಿಯಲ್ಲಿ ಅದೇ ವೈರಿಗೆ ಮುಂದಿನ 21 ವ್ಯಾಟ್ ಬಲ್ಬು ಇದೆ, ಅದು ಎಲ್ಲವನ್ನೂ ಎಳೆದು ಖಾಲಿ ಮಾಡುತ್ತದೆ. ಆದರೆ ಮುಂದಿನ ಬಲ್ಬು ಹೋದ ದಿನ ಹಿಂದಿನದೂ ತಪ್ಪಬಾರದು. ಇಂಡಿಕೇಟರ್ ವೈರಿಗೂ ಅರ್ಥ್‌ಗೂ ನಡುವೆ 1ಕೆ, ಅರ್ಧ ವ್ಯಾಟ್ ರೆಸಿಸ್ಟರ್ ಹಾಕಿಬಿಡಿ.

ಬಿ.ಎಂ. ರಸ್ತೆ ವೈರಿಂಗ್ | ಮೇ 20

ಎರಡನೆಯದಕ್ಕೆ ನಾನು ಹೇಳುತ್ತೇನೆ. ಹಳೆಯ ಫ್ಲ್ಯಾಶರ್ ಬಿಸಿಯಿಂದ ಕೆಲಸ ಮಾಡುವಂಥದ್ದು. ಮುಂದೆ ಹಿಂದೆ 21 ವ್ಯಾಟಿನ ಎರಡು ಬಲ್ಬು ಸೇರಿ ಸುಮಾರು 3.5 ಆಂಪಿಯರ್ ಎಳೆಯುತ್ತವೆ, ಆ ಬಿಸಿಗೆ ಒಳಗಿನ ಪಟ್ಟಿ ಬಾಗಿ ಬಿಡುತ್ತದೆ. ನಿಮ್ಮ ಬೋರ್ಡು ಎಳೆಯುವುದು 0.3 ಆಂಪಿಯರ್. ಪಟ್ಟಿಗೆ ಬಿಸಿ ಸಾಲುತ್ತಿಲ್ಲ.

ಇದಕ್ಕೆ ಕೆಲವರು 6 ಓಮ್, 50 ವ್ಯಾಟಿನ ರೆಸಿಸ್ಟರ್ ಹಾಕುತ್ತಾರೆ. ಬೇಡ. ಅದು ಹತ್ತಿದಷ್ಟು ಹೊತ್ತೂ 30 ವ್ಯಾಟ್ ಬಿಸಿ. ಡಿಕ್ಕಿಯ ರಟ್ಟಿಗೆ ತಗುಲಿ ಕರಕಲಾದದ್ದನ್ನು ನಾನೇ ಬಿಚ್ಚಿದ್ದೇನೆ. ಮೂರು ಕಾಲಿನ ಎಲೆಕ್ಟ್ರಾನಿಕ್ ಫ್ಲ್ಯಾಶರ್ ತಗೊಳ್ಳಿ, ಎಲ್‌ಇಡಿಗೂ ಆಗುವಂಥದ್ದು ಅಂತ ಕೇಳಿ. ಬಿ, ಎಲ್ ಹಳೆಯ ವೈರಿಗೇ ಬರುತ್ತವೆ. ಇ ಕಾಲಿಗೆ ಒಂದು ಅರ್ಥ್ ವೈರ್ ಎಳೆದರೆ ಆಯಿತು. ಹಳೆಯ ಫ್ಲ್ಯಾಶರ್ ಎಸೆಯಬೇಡಿ. ಒಂದು ವಿಷಯ: ಬಲ್ಬು ಹೋದರೆ ಹಳೆಯದು ತಾಳ ತಪ್ಪಿ ನಿಮಗೆ ಹೇಳುತ್ತಿತ್ತು. ಹೊಸದು ಹೇಳುವುದಿಲ್ಲ. ಹೊರಡುವ ಮುಂಚೆ ಒಂದು ಸುತ್ತು ಬಂದು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಶಿರಾಡಿ ಸವಾರ | ಮೇ 20

ಹಗಲಿನ ಬಿಸಿಲಲ್ಲಿ ಐವತ್ತು ಹೆಜ್ಜೆ ದೂರ ನಿಂತು ನೋಡಿ. ಆಮೇಲೆ ಪಕ್ಕಕ್ಕೆ ಸರಿದು ಓರೆಯಿಂದ ನೋಡಿ. ಒಂದು ಕಡೆ ಬೋರ್ಡು, ಇನ್ನೊಂದು ಕಡೆ ಹಳೆಯ ಬಲ್ಬು ಇಟ್ಟು ಹೋಲಿಸಿ.

ಕೈಮರ ಕಾಂಟೆಸ್ಸಾ | ಜೂನ್ 2

ಸವಾರ ಅಣ್ಣ ಹೇಳಿದ ಹಾಗೇ ಮಾಡಿದೆ. ನಮ್ಮ ಕಾಫಿ ಕಣದಲ್ಲಿ ಗಾಡಿ ನಿಲ್ಲಿಸಿ ಮಧ್ಯಾಹ್ನ ಹನ್ನೆರಡಕ್ಕೆ ನೋಡಿದೆ. ನೇರದಿಂದ ಬೋರ್ಡೇ ಮೇಲು. ಓರೆಯಿಂದ ಹಳೆಯ ಬಲ್ಬು ಸ್ವಲ್ಪ ಮೇಲಿತ್ತು. ಹೊರಗಿನ ಸಾಲಿನ ನಾಲ್ಕು ಎಲ್‌ಇಡಿಗಳ ಕಾಲು ಬಗ್ಗಿಸಿ ಪಕ್ಕಕ್ಕೆ ಮುಖ ಮಾಡಿಸಿದೆ. ಈಗ ಎರಡೂ ಸಮ ಅನ್ನಿಸುತ್ತಿದೆ. 1ಕೆ ರೆಸಿಸ್ಟರ್, ಹೊಸ ಫ್ಲ್ಯಾಶರ್ ಎರಡೂ ಹಾಕಿದೆ. ಗಡಿಯಾರ ಹಿಡಿದು ಎಣಿಸಿದೆ, ನಿಮಿಷಕ್ಕೆ 86.

ಆರ್‌ಟಿಓ ಕಚೇರಿಗೂ ಹೋಗಿ ಬಂದೆ. ಅರ್ಜಿ ಬರೆದು, ಲೈಟಿನ ಫೋಟೋ ಜೊತೆಗಿಟ್ಟು ಕೊಟ್ಟಿದ್ದೇನೆ. ಉತ್ತರ ಬರುವವರೆಗೆ ತೋಟದ ರಸ್ತೆಯಲ್ಲಿ ಮಾತ್ರ ಬೋರ್ಡು. ಟಾರ್ ರಸ್ತೆಗೆ ಹೋಗುವ ದಿನ ಹಳೆಯ ಬಲ್ಬು, ಹಳೆಯ ಫ್ಲ್ಯಾಶರ್. ಬದಲಾಯಿಸಲು ಇಪ್ಪತ್ತು ನಿಮಿಷ ಹಿಡಿಯುತ್ತದೆ.

ಮೂಡಿಗೆರೆ ಫಿಯಟ್ | ಜೂನ್ 3

ಇಪ್ಪತ್ತು ನಿಮಿಷದಲ್ಲಿ ಮೊದಲಿನ ಹಾಗೇ ಆಗುತ್ತದೆ ಅಂದರೆ ನನ್ನ ತಕರಾರು ವಾಪಸ್ ತೆಗೆದುಕೊಳ್ಳುತ್ತೇನೆ. ಅರ್ಥ್ ಪರೀಕ್ಷೆ ನಮ್ಮ ಫಿಯಟ್‌ಗೂ ಮಾಡಿದೆ. ಬಲಗಡೆ 0.9 ಬಂತು! ಹೋದ ಮಳೆಗಾಲವೆಲ್ಲ ಬಲ್ಬು ಮಂಕು ಅಂತ ಬೈದುಕೊಂಡೇ ಓಡಿಸಿದ್ದೆ. ವೈರಿಂಗ್ ಅಣ್ಣನಿಗೆ ತುಂಬಾ ಥ್ಯಾಂಕ್ಸ್.

ಕೈಮರ ಕಾಂಟೆಸ್ಸಾ | ಜುಲೈ 14

ಮಳೆ ಹಿಡಿದು ಒಂದು ತಿಂಗಳಾಯಿತು. ನಿನ್ನೆ ಸಂಜೆ ಆರೂವರೆಗೆ ತೋಟದ ಗೇಟಿನ ಹತ್ತಿರ ಮಂಜು ಎಷ್ಟು ದಟ್ಟ ಇತ್ತು ಅಂದರೆ ಸಿಲ್ವರ್ ಮರದ ಬುಡ ಕಾಣುತ್ತಿತ್ತು, ತಲೆ ಕಾಣುತ್ತಿರಲಿಲ್ಲ. ಅಕ್ಕನ ಮಗನನ್ನು ಗಾಡಿಯಲ್ಲಿ ಕೂರಿಸಿ ಬಲಕ್ಕೆ ಹಾಕು ಅಂದೆ. ನಾನು ಕೊಡೆ ಹಿಡಿದು ಹಿಂದಕ್ಕೆ ನಡೆದೆ. ಗಾಡಿಯ ಬಣ್ಣ ಹೋಯಿತು, ಆಕಾರ ಹೋಯಿತು, ನಂಬರ್ ಪ್ಲೇಟಂತೂ ಮೊದಲೇ ಹೋಗಿತ್ತು. ಅಂಬರ್ ಬೆಳಕು ಮಾತ್ರ ಒಳಗಿನಿಂದ ಹೊರಕ್ಕೆ, ಬಲಕ್ಕೆ ಸರಿಯುತ್ತಲೇ ಇತ್ತು. ಅಪ್ಪನ ಕೈ ನೆನಪಾಯಿತು. ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದೆ.

ಆರ್‌ಟಿಓ ಉತ್ತರ ಇನ್ನೂ ಬಂದಿಲ್ಲ. ಎಡಗಡೆ ಲೆನ್ಸಿನ ಒಳಗೆ ಹಬೆ ಕಟ್ಟುತ್ತಿದೆ. ಹಳೆಯ ರಬ್ಬರ್ ಗ್ಯಾಸ್ಕೆಟ್ ಗಟ್ಟಿಯಾಗಿ ಒಂದು ಮೂಲೆ ಬಿಟ್ಟುಕೊಂಡಿದೆ. ಸಿಲಿಕಾನ್ ಬಳಿದರೆ ಮುಂದೆ ಬಿಚ್ಚುವಾಗ ಲೆನ್ಸ್ ಒಡೆಯಬಹುದು ಅಂತ ಭಯ. ಏನು ಮಾಡಲಿ?

ಬಿ.ಎಂ. ರಸ್ತೆ ವೈರಿಂಗ್ | ಜುಲೈ 14

ಸಿಲಿಕಾನ್ ಬೇಡ. ಚಕ್ರದ ಹಳೆಯ ರಬ್ಬರ್ ಟ್ಯೂಬು 2 ಮಿಲಿಮೀಟರ್ ದಪ್ಪದ್ದು ಇದ್ದರೆ ಹಳೆಯ ಗ್ಯಾಸ್ಕೆಟ್ ಅಳತೆಗೆ ಕತ್ತರಿಸಿ. ಎರಡೂ ಕಡೆ ರಬ್ಬರನ್ನು ಕೆಡಿಸದಂಥ ಗ್ರೀಸ್ ತೆಳ್ಳಗೆ ಸವರಿ ಕೂರಿಸಿ. ಸ್ಕ್ರೂ ಒಂದೇ ಸಲ ಬಿಗಿ ಮಾಡಬೇಡಿ, ಒಂದೊಂದಕ್ಕೆ ಅರ್ಧ ಸುತ್ತಿನ ಹಾಗೆ ಬಿಗಿ ಮಾಡುತ್ತಾ ಬನ್ನಿ. ಲೆನ್ಸಿನ ಕೆಳಗೆ ನೀರು ಹೋಗುವ ಸಣ್ಣ ತೂತು ಇದ್ದರೆ ಮುಚ್ಚಬೇಡಿ, ಕಡ್ಡಿ ಹಾಕಿ ಬಿಡಿಸಿ. ನಮ್ಮ ಕಡೆ ಅದರಲ್ಲಿ ಇರುವೆ ಮಣ್ಣು ಕಟ್ಟಿರುತ್ತದೆ.

ಕೈಮರ ಕಾಂಟೆಸ್ಸಾ | ಜುಲೈ 15

ಇರುವೆ ಮಣ್ಣೇ ಇತ್ತು ಅಣ್ಣ. ಗ್ಯಾಸ್ಕೆಟ್ ಭಾನುವಾರ ಕತ್ತರಿಸುತ್ತೇನೆ.